ತೀರ್ಪು ಕೊಡುವ ಮುನ್ನ: ಕರುಣೆಯನ್ನು ರೂಢಿಸಿಕೊಳ್ಳುವ ಬಗೆ

“ಬೇರೆಯವರನ್ನು ಅಳೆಯುವುದನ್ನು ಬಿಡಬೇಕು, ಪ್ರೀತಿಯಿಂದ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಹೇಗೆ?” ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರು ಎರಡು ಬಗೆಯವರು. ಮೊದಲನೆಯವರಿಗೆ ತಮ್ಮ ಮೇಲೆಯೇ ಬೇಸರ: ಯಾರನ್ನು ಕಂಡರೂ ಮನಸ್ಸು ಕೊಂಕು ಹುಡುಕುತ್ತದೆ, ಆಡಿದ ಮೇಲೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಎರಡನೆಯವರಿಗೆ ಭಯ: ಸ್ವಲ್ಪ ಕರುಣೆ ತೋರಿಸಿದರೂ ಎದುರಿನವರು ತಲೆಯ ಮೇಲೆ ಹತ್ತಿ ಕೂರುತ್ತಾರೆ. ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉಪದೇಶ ನಿಮಗೆ ಈಗಾಗಲೇ ಬೇಕಾದಷ್ಟು ಸಿಕ್ಕಿರುತ್ತದೆ, ಇಲ್ಲಿರುವುದು ವಿಧಾನ.

ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಕೊಟ್ಟ ಸಾಲವನ್ನು ಒಬ್ಬ ಎರಡು ಬಾರಿ ಹಿಂದಿರುಗಿಸಲಿಲ್ಲ ಎಂದು ಗಮನಿಸಿ ಮೂರನೆಯ ಬಾರಿ ಕೊಡದಿರುವುದು ವಿವೇಚನೆ. “ಅವನು ಹುಟ್ಟಾ ಮೋಸಗಾರ, ಅವನ ಮನೆಯವರೆಲ್ಲರೂ ಅಂಥವರೇ” ಎನ್ನುವುದು ತೀರ್ಪು. ಮೊದಲನೆಯದು ನಡೆದ ಕೆಲಸವನ್ನು ತೂಗುತ್ತದೆ, ಎರಡನೆಯದು ಇಡೀ ಮನುಷ್ಯನನ್ನು ತಕ್ಕಡಿಗೆ ಹಾಕಿ ಕಡತ ಮುಚ್ಚುತ್ತದೆ. ನಾವು ಬಿಡಬೇಕಾದದ್ದು ಎರಡನೆಯದನ್ನು ಮಾತ್ರ. ಬೈಬಲ್‌ನ ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದ ಮೊದಲ ವಚನವನ್ನು, ಅಂದರೆ ತೀರ್ಪು ಮಾಡಬೇಡಿ ಎಂಬ ಮಾತನ್ನು, ಎತ್ತಿ ಹೇಳುವವರು ಬಹಳ. ಅದೇ ಪ್ರಸಂಗದ ಐದನೆಯ ವಚನದವರೆಗೆ ಹೋಗುವವರು ಕಡಿಮೆ. ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ನಿನಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬರ್ಥದಲ್ಲಿ ಅದು ಮುಗಿಯುತ್ತದೆ. ಅಂದರೆ ರವೆಯೂ ನಿಜ, ಅದನ್ನು ತೆಗೆಯಬೇಕಾದದ್ದೂ ನಿಜ. ಅಲ್ಲಿ ಹೇಳಿರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು. ಕೆಳಗಿನ ಹಂತಗಳೂ ಬಹುಮಟ್ಟಿಗೆ ಆ ಕ್ರಮದ್ದೇ ವಿವರ.

ಏನೇನು ಬೇಕು?

ಒಂದು ಪುಟ್ಟ ನೋಟ್‌ಬುಕ್, ಬೇರೆ ಯಾರೂ ಓದದಂಥದ್ದು. ಮೊಬೈಲ್‌ನಲ್ಲೂ ಬರೆದುಕೊಳ್ಳಬಹುದು, ಆದರೆ ಸಿಟ್ಟಿನಲ್ಲಿ ಬರೆದದ್ದನ್ನು ಅದೇ ಸಿಟ್ಟಿನಲ್ಲಿ ಯಾರಿಗಾದರೂ ಕಳುಹಿಸಿಬಿಡುವ ಅಪಾಯ ಮೊಬೈಲ್‌ನಲ್ಲಿ ಹೆಚ್ಚು. ದಿನಕ್ಕೆ ಹತ್ತು ನಿಮಿಷ ಬಿಡುವು. ಮತ್ತು ಒಬ್ಬ ವ್ಯಕ್ತಿ.

ವ್ಯಕ್ತಿಯ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಜೀವನದಲ್ಲಿ ಅತ್ಯಂತ ಹೆಚ್ಚು ನೋಯಿಸಿದವರನ್ನೇ ಮೊದಲ ದಿನ ಎತ್ತಿಕೊಳ್ಳುತ್ತಾರೆ, ಮೂರನೆಯ ದಿನ ಸೋತು ನೋಟ್‌ಬುಕ್ ಮುಚ್ಚುತ್ತಾರೆ. ನಿಮಗೆ ಕಿರಿಕಿರಿ ಮಾಡುವ, ಆದರೆ ನಿಮ್ಮನ್ನು ಮುರಿಯದ ಒಬ್ಬರನ್ನು ಆರಿಸಿ. ಸದಾ ತಡವಾಗಿ ಬರುವ ಸಹೋದ್ಯೋಗಿ, ತನ್ನ ಮಾತನ್ನೇ ಆಡುವ ಸೋದರತ್ತೆ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ಅಣ್ಣ. ದಿನನಿತ್ಯದ ಒಡನಾಟ ಇರುವವರಾದರೆ ಇನ್ನೂ ಒಳ್ಳೆಯದು. ಅಭ್ಯಾಸಕ್ಕೆ ಅವಕಾಶ ಸಿಗುತ್ತದೆ.

ಒಂದು ಎಚ್ಚರಿಕೆ. ನಿಮ್ಮನ್ನು ಹೊಡೆಯುವ, ಬೆದರಿಸುವ, ಹಣ ಕಸಿಯುವ ಅಥವಾ ಲೈಂಗಿಕವಾಗಿ ಹಿಂಸಿಸುವ ವ್ಯಕ್ತಿಯ ಮೇಲೆ ಈ ಅಭ್ಯಾಸ ಮಾಡಬೇಡಿ. ಅಲ್ಲಿ ಮೊದಲ ಕೆಲಸ ಸುರಕ್ಷಿತ ಜಾಗಕ್ಕೆ ಹೋಗುವುದು, ನಂಬಿಕಸ್ಥರಿಗೆ ತಿಳಿಸುವುದು, ಕಾನೂನಿನ ನೆರವು ಪಡೆಯುವುದು. “ಕ್ಷಮಿಸಿ ಹೊಂದಿಕೊಂಡು ಹೋಗು” ಎಂದು ಅಂಥವರಿಗೆ ಹೇಳುವವರು ಕರುಣೆಯ ಹೆಸರಿನಲ್ಲಿ ಅನ್ಯಾಯ ಮಾಡುತ್ತಿರುತ್ತಾರೆ.

ಹಂತ 1: ತೀರ್ಪನ್ನು ಬಂದ ಕೂಡಲೇ ಹಿಡಿಯಿರಿ

ತೀರ್ಪು ಬರುವುದು ಬಹಳ ವೇಗವಾಗಿ. ಬಂದದ್ದು ಅಭಿಪ್ರಾಯ ಎಂದು ನಮಗೆ ಅನ್ನಿಸುವುದೇ ಇಲ್ಲ, ಕಣ್ಣಿಗೆ ಕಂಡ ಸತ್ಯ ಎನ್ನಿಸುತ್ತದೆ. ಅದನ್ನು ಗುರುತಿಸಲು ಕೆಲವು ಕುರುಹುಗಳಿವೆ. “ಯಾವಾಗಲೂ”, “ಎಂದಿಗೂ”, “ಇವರ ಹಣೆಬರಹವೇ ಇಷ್ಟು” ಎಂಬ ಮಾತುಗಳು ತಲೆಯಲ್ಲಿ ಓಡುತ್ತಿವೆಯೇ? ಮಾಡಿದ ಕೆಲಸದ ಬದಲು ಮನುಷ್ಯನಿಗೆ ಅಂಟಿಸುವ ಹೆಸರು ಬಂದಿದೆಯೇ: ಸೋಮಾರಿ, ಸ್ವಾರ್ಥಿ, ಅಹಂಕಾರಿ, ನಾಟಕದವಳು? ಅವರ ತಪ್ಪನ್ನು ನೆನೆಯುವಾಗ ಒಳಗೊಳಗೇ ಒಂದು ಸಣ್ಣ ಖುಷಿ, ನಾನು ಹಾಗಿಲ್ಲ ಎಂಬ ನೆಮ್ಮದಿ ಇದೆಯೇ? ಈ ಕೊನೆಯ ಕುರುಹು ಸುಳ್ಳು ಹೇಳುವುದು ಬಹಳ ಅಪರೂಪ.

ಮೊದಲ ವಾರ ಏನನ್ನೂ ತಿದ್ದಬೇಡಿ. ತೀರ್ಪು ಬಂದಾಗಲೆಲ್ಲ ಬಂದ ಹಾಗೆಯೇ, ಅದರ ಎಲ್ಲ ಒರಟುತನದೊಂದಿಗೆ ಬರೆದಿಡಿ. ಸಭ್ಯವಾಗಿ ಬರೆದರೆ ಅಭ್ಯಾಸ ಕೆಡುತ್ತದೆ. “ಅಣ್ಣನ ನಡವಳಿಕೆ ಸ್ವಲ್ಪ ಬೇಸರ ತಂದಿತು” ಎಂದು ಬರೆಯುವಾತ ತನಗೇ ಸುಳ್ಳು ಹೇಳುತ್ತಿದ್ದಾನೆ. ಅವನ ಮನಸ್ಸಿನಲ್ಲಿ ಬಂದದ್ದು “ಕಲ್ಲೆದೆಯವನು” ಎಂಬ ಮಾತು.

ಹಂತ 2: ನಡೆದದ್ದು, ಅರ್ಥ, ತೀರ್ಪು ಎಂದು ಮೂರು ಸಾಲು ಮಾಡಿ

ಇಡೀ ವಿಧಾನದ ಬೆನ್ನೆಲುಬು ಈ ಹಂತ. ಅವಸರ ಬೇಡ.

ಒಂದು ಕಲ್ಪಿತ ಸಂದರ್ಭ ತೆಗೆದುಕೊಳ್ಳೋಣ. ತಂದೆ ಆಸ್ಪತ್ರೆಯಲ್ಲಿದ್ದರು. ತಂಗಿ ಹಗಲು ರಾತ್ರಿ ಅಲ್ಲೇ ಇದ್ದಳು. ಅಣ್ಣನ ಬಗ್ಗೆ ಅವಳ ನೋಟ್‌ಬುಕ್‌ನಲ್ಲಿ ಇರುವ ಸಾಲು ಹೀಗಿದೆ: “ಅಪ್ಪ ಸತ್ತರೂ ಬದುಕಿದರೂ ಅವನಿಗೆ ಒಂದೇ. ಕಲ್ಲೆದೆಯವನು. ಹಣ ಖರ್ಚಾಗುತ್ತದೆ ಎಂದು ತಪ್ಪಿಸಿಕೊಂಡ.”

ಈಗ ಇದನ್ನು ಬಿಡಿಸಬೇಕು. ನಡೆದದ್ದು ಎಂದರೆ, ಆಸ್ಪತ್ರೆಯ ಕೋಣೆಯಲ್ಲಿ ಒಂದು ಕ್ಯಾಮೆರಾ ಇದ್ದಿದ್ದರೆ ಅದರಲ್ಲಿ ದಾಖಲಾಗುತ್ತಿದ್ದದ್ದು ಮಾತ್ರ. “ಒಂಬತ್ತು ದಿನಗಳಲ್ಲಿ ಅಣ್ಣ ಒಂದು ಸಲ ಬಂದ. ಅರ್ಧ ಗಂಟೆ ಇದ್ದ. ಅಪ್ಪನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಬಳಿ ನಿಂತಿದ್ದ. ಎರಡು ಸಲ ಫೋನ್ ಮಾಡಿದ. ಬಿಲ್ಲಿನ ಮಾತು ಎತ್ತಿದಾಗ, ನೋಡೋಣ ಎಂದ.” ಇಷ್ಟೇ. ಎರಡನೆಯ ಸಾಲು ಅವಳು ಕೊಟ್ಟುಕೊಂಡ ಅರ್ಥ: “ಅವನಿಗೆ ಹಣದ ಚಿಂತೆ. ಅಪ್ಪನ ಮೇಲೆ ಪ್ರೀತಿ ಇಲ್ಲ.” ಮೂರನೆಯ ಸಾಲು ತೀರ್ಪು: “ಕಲ್ಲೆದೆಯವನು.”

ಮೊದಲ ಸಾಲನ್ನು ಬರೆಯುವಾಗ ಒಂದು ವಿಚಿತ್ರ ನಡೆಯುತ್ತದೆ, ಗಮನಿಸಿ. ಬಾಗಿಲ ಬಳಿ ನಿಂತಿದ್ದ ಎಂಬ ಸಂಗತಿ ಒರಟು ಟಿಪ್ಪಣಿಯಲ್ಲಿ ಇರಲೇ ಇಲ್ಲ. ತೀರ್ಪಿಗೆ ಅದು ಬೇಕಾಗಿರಲಿಲ್ಲ. ಸಂಗತಿಗಳನ್ನು ಒಂದೊಂದಾಗಿ ಪಟ್ಟಿ ಮಾಡಲು ಹೊರಟಾಗ ಮಾತ್ರ ಇಂಥವು ನೆನಪಿಗೆ ಬರುತ್ತವೆ. ಸಾಯುವ ಹಾಗೆ ಕಾಣುವ ತಂದೆಯ ಹತ್ತಿರ ಹೋಗಲಾರದೆ ಬಾಗಿಲಲ್ಲೇ ನಿಲ್ಲುವ ಮಗ ಕಲ್ಲೆದೆಯವನೂ ಇರಬಹುದು, ಹೆದರಿದವನೂ ಇರಬಹುದು. ಯಾವುದೆಂದು ಇನ್ನೂ ಗೊತ್ತಿಲ್ಲ. ಈ ಹಂತದ ಕೊನೆಗೆ ನಿಮಗೆ ಸಿಗಬೇಕಾದದ್ದು ಅಷ್ಟೇ.

ಇಲ್ಲಿ ಜಾರುವುದು ಸುಲಭ. “ಅಸಡ್ಡೆಯಿಂದ ನೋಡೋಣ ಎಂದ” ಎಂದು ಬರೆದರೆ ಅರ್ಥವು ನಡೆದದ್ದರೊಳಗೆ ನುಸುಳಿತು. ಅಸಡ್ಡೆಯನ್ನು ಕ್ಯಾಮೆರಾ ದಾಖಲಿಸುವುದಿಲ್ಲ. ಧ್ವನಿ ತಗ್ಗಿತ್ತು, ಕಣ್ಣು ಬೇರೆ ಕಡೆ ಇತ್ತು ಎಂದರೆ ಆಯಿತು. ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಮತ್ತೆ ಓದಿ.

ಹಂತ 3: ಸನ್ನಿವೇಶಕ್ಕೂ ಒಂದು ಪಾಲು ಕೊಡಿ

ಇತರರ ತಪ್ಪಿಗೆ ಅವರ ಗುಣವನ್ನೂ ನಮ್ಮ ತಪ್ಪಿಗೆ ನಮ್ಮ ಪರಿಸ್ಥಿತಿಯನ್ನೂ ಕಾರಣ ಮಾಡುವುದು ಮನುಷ್ಯರ ಹಳೆಯ ಚಾಳಿ. ನಾನು ತಡವಾಗಿ ಬಂದರೆ ದಾರಿಯಲ್ಲಿ ವಾಹನ ದಟ್ಟಣೆ. ನೀವು ತಡವಾಗಿ ಬಂದರೆ ನಿಮಗೆ ಶಿಸ್ತಿಲ್ಲ. ಇದರ ಮೊದಲರ್ಧಕ್ಕೆ, ಅಂದರೆ ಪರಿಸ್ಥಿತಿಯನ್ನು ಕಡೆಗಣಿಸಿ ಇತರರ ಗುಣಕ್ಕೇ ಕೈ ತೋರುವುದಕ್ಕೆ, ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಮೂಲಭೂತ ಆರೋಪಣಾ ದೋಷ ಎನ್ನಬಹುದು.

ಈ ದೋಷ ಎಷ್ಟು ಹಟಮಾರಿ ಎಂಬುದನ್ನು ಅದಕ್ಕೂ ಹತ್ತು ವರ್ಷ ಮೊದಲೇ, 1967ರಲ್ಲಿ, ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ತೋರಿಸಿದ್ದರು. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಇಲ್ಲವೇ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಕೆಲವರಿಗೆ ಓದಲು ಕೊಟ್ಟರು. ಯಾವ ಪಕ್ಷ ವಹಿಸಬೇಕೆಂಬ ಆಯ್ಕೆ ಬರೆದವನಿಗೆ ಇರಲಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದಾಗಲೂ, ಬರೆದದ್ದೇ ಅವನ ನಿಜವಾದ ನಿಲುವು ಎಂದು ಅಂದಾಜಿಸುವ ಕಡೆಗೆ ಓದಿದವರು ವಾಲಿದರು. ಕಟ್ಟುಪಾಡು ಕಣ್ಣೆದುರೇ ಇದ್ದರೂ ನಾವು ಮನುಷ್ಯನನ್ನೇ ದೂರುತ್ತೇವೆ. ಕಾಣದ ಕಟ್ಟುಪಾಡುಗಳ ಗತಿ ಏನಾದೀತು?

1973ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಹೆಚ್ಚು ಇಷ್ಟ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳುಹಿಸಿದರು. ದಾರಿಯಲ್ಲಿ ಒಬ್ಬಾತ ಕುಸಿದು, ಕೆಮ್ಮುತ್ತಾ, ನರಳುತ್ತಾ ಕೂತಿರುವಂತೆ ಏರ್ಪಾಡು ಮಾಡಿದ್ದರು. ಅವಸರವಿಲ್ಲದವರಲ್ಲಿ ಶೇಕಡಾ 63ರಷ್ಟು ಮಂದಿ ನೆರವಿಗೆ ನಿಂತರು. ತಡವಾಗಿದೆ, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ಶೇಕಡಾ 10 ಮಾತ್ರ. ಕೆಲವರು ಮಾತನಾಡಲು ಹೊರಟಿದ್ದ ವಿಷಯವೇ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಒಳ್ಳೆಯ ಸಮಾರ್ಯದವನ ಸಾಮತಿ, ಅಂದರೆ ಯೇಸು ಹೇಳಿದ ನೀತಿಕತೆ! ನೋಡಿದವರು ಅವರನ್ನು ಕಪಟಿಗಳು ಎನ್ನುತ್ತಿದ್ದರು. ಅವರನ್ನು ಓಡಿಸಿದ್ದು ಗಡಿಯಾರ.

ನಿಮ್ಮ ನೋಟ್‌ಬುಕ್‌ಗೆ ಹಿಂದಿರುಗಿ. ನಡೆದದ್ದರ ಕೆಳಗೆ, ಅದಕ್ಕೆ ಕಾರಣವಾಗಿರಬಹುದಾದ ಕನಿಷ್ಠ ಮೂರು ಸನ್ನಿವೇಶಗಳನ್ನು ಬರೆಯಿರಿ. ಆ ಅಣ್ಣನ ವಿಷಯದಲ್ಲಿ: ಆಸ್ಪತ್ರೆಯೆಂದರೆ ಅವನಿಗೆ ಹೆದರಿಕೆ, ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಿಲ್ಲ, ತಂದೆಗೂ ಅವನಿಗೂ ನಡುವೆ ತಂಗಿಗೆ ಗೊತ್ತಿಲ್ಲದ ಏನೋ ನಡೆದಿದೆ. ನಾಲ್ಕನೆಯದಾಗಿ ಇದನ್ನೂ ಬರೆಯಿರಿ: ಅವನು ನಿಜಕ್ಕೂ ಜವಾಬ್ದಾರಿ ತಪ್ಪಿಸಿಕೊಂಡಿದ್ದಾನೆ. ಈ ನಾಲ್ಕನೆಯ ಸಾಲನ್ನು ಬಿಟ್ಟರೆ ನೀವು ಮಾಡುತ್ತಿರುವುದು ವಕಾಲತ್ತು, ಮತ್ತು ನಿಮ್ಮ ಮನಸ್ಸೇ ಅದನ್ನು ನಂಬುವುದಿಲ್ಲ. ತಪ್ಪು ಇರಬಹುದು ಎಂಬುದನ್ನು ಒಪ್ಪಿಕೊಂಡೇ ಕರುಣೆ ಕೆಲಸ ಮಾಡುತ್ತದೆ; ತಪ್ಪೇ ಇಲ್ಲದ ಕಡೆ ಅದಕ್ಕೆ ಏನು ಕೆಲಸ?

ಹಂತ 4: ನಿಮ್ಮ ಕಡೆಗೊಂದು ನೋಟ

ಎರಡೇ ಪ್ರಶ್ನೆಗಳು. ಇದೇ ಕೆಲಸವನ್ನು, ಬೇರೆ ರೂಪದಲ್ಲಾದರೂ, ನಾನು ಯಾವಾಗ ಮಾಡಿದ್ದೆ? ಆಗ ನನಗೆ ಯಾರಿಂದ ಏನು ಬೇಕಾಗಿತ್ತು?

“ನಾನು ಎಂದೂ ಮಾಡಿಲ್ಲ” ಎಂಬ ಉತ್ತರ ಥಟ್ಟನೆ ಬಂದರೆ ಅನುಮಾನಿಸಿ. ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2002ರಲ್ಲಿ ವಿವರಿಸಿದ ಪಕ್ಷಪಾತದ ಕುರುಡು ಚುಕ್ಕೆ ಎಂಬುದೊಂದಿದೆ: ಪೂರ್ವಗ್ರಹಗಳು ಬೇರೆಯವರಲ್ಲಿ ನಮಗೆ ಚೆನ್ನಾಗಿ ಕಾಣುತ್ತವೆ, ನಮ್ಮಲ್ಲಿ ಅವು ಕಡಿಮೆ ಎಂದು ನಾವು ನಂಬಿರುತ್ತೇವೆ. ಆ ತಂಗಿ ಆಸ್ಪತ್ರೆಯಿಂದ ಎಂದೂ ಓಡಿಹೋಗಿರಲಿಕ್ಕಿಲ್ಲ. ಆದರೆ ಗೆಳತಿಯ ಮದುವೆ ಮುರಿದಾಗ ಏನು ಹೇಳಬೇಕೋ ತಿಳಿಯದೆ ತಿಂಗಳುಗಟ್ಟಲೆ ಫೋನ್ ಮಾಡದೆ ಇದ್ದಿರಬಹುದು. ಹುಡುಕಬೇಕಾದದ್ದು ಅಂಥದ್ದನ್ನು.

ಇಲ್ಲಿ ಕೆಲವರು ವಿರುದ್ಧ ದಿಕ್ಕಿಗೆ ವಾಲಿ, ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ: “ನಾನೇ ಕೆಟ್ಟವಳು, ಅವನನ್ನು ಅನ್ನಲು ನನಗೇನು ಯೋಗ್ಯತೆ?” ಅದೂ ತೀರ್ಪೇ, ಆರೋಪಿ ಮಾತ್ರ ಬದಲಾದ. ತನ್ನ ಬಗ್ಗೆ ನಿರ್ದಯನಾದವನು ಬಹಳ ದಿನ ಇತರರ ಬಗ್ಗೆ ದಯಾಳುವಾಗಿ ಉಳಿಯುವುದನ್ನು ನಾನು ಕಂಡಿಲ್ಲ. ಎರಡನೆಯ ಪ್ರಶ್ನೆ ಇರುವುದು ಅದಕ್ಕಾಗಿಯೇ. ನಿಮಗೆ ಆಗ ಬೇಕಾಗಿದ್ದುದನ್ನು ಒಂದು ಸಾಲಿನಲ್ಲಿ ಬರೆದು ಮುಂದಿನ ಹಂತಕ್ಕೆ ನಡೆಯಿರಿ.

ಹಂತ 5: ಊಹಿಸಿದ್ದು ಸಾಕು, ಕೇಳಿ

“ಅವರ ಜಾಗದಲ್ಲಿ ನಿಂತು ನೋಡು” ಎಂಬ ಸಲಹೆ ಎಲ್ಲರಿಗೂ ಗೊತ್ತು. ಸಲಹೆ ಒಳ್ಳೆಯದೇ, ಆದರೆ ಅದಕ್ಕೊಂದು ಮಿತಿಯಿದೆ. ಟಾಲ್ ಎಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ 25 ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಪ್ರಕಟಿಸಿದರು. ಇನ್ನೊಬ್ಬರ ಸ್ಥಾನದಲ್ಲಿ ತನ್ನನ್ನು ಕಲ್ಪಿಸಿಕೊಂಡ ಮಾತ್ರಕ್ಕೆ ಅವರ ಮನಸ್ಸಿನ ಬಗೆಗಿನ ಅಂದಾಜು ಹೆಚ್ಚು ನಿಖರವಾಗಲಿಲ್ಲ. ನಿಖರತೆ ಹೆಚ್ಚಿದ್ದು ನೇರವಾಗಿ ಮಾತನಾಡಿ ತಿಳಿದುಕೊಂಡಾಗ. ಮೂರನೆಯ ಹಂತದಲ್ಲಿ ನೀವು ಬರೆದ ಸನ್ನಿವೇಶಗಳು ನಿಮ್ಮ ಬಿಗಿಯನ್ನು ಸಡಿಲಿಸಲು ಮಾತ್ರ. ಅವನ್ನೇ ಸತ್ಯವೆಂದು ಹಿಡಿದುಕೊಂಡರೆ ಮೊದಲು ಕೆಟ್ಟ ಕತೆ ಕಟ್ಟಿದ್ದಿರಿ, ಈಗ ಒಳ್ಳೆಯ ಕತೆ ಕಟ್ಟಿದ್ದೀರಿ, ಅಷ್ಟೇ ವ್ಯತ್ಯಾಸ.

ಕೇಳುವುದಕ್ಕೂ ಒಂದು ರೀತಿಯಿದೆ. “ನೀನು ಯಾಕೆ ಬರಲಿಲ್ಲ?” ಎಂಬುದು ವ್ಯಾಕರಣದ ಪ್ರಕಾರ ಪ್ರಶ್ನೆ, ಕಿವಿಗೆ ದೋಷಾರೋಪ. ಅದಕ್ಕೆ ಸಿಗುವ ಉತ್ತರ ನೆಪ ಅಥವಾ ಪ್ರತಿದಾಳಿ. ಮೂರು ತುಂಡುಗಳಲ್ಲಿ ಕೇಳಿ ನೋಡಿ: ನಡೆದದ್ದು, ನನಗಾದದ್ದು, ನನಗೆ ಗೊತ್ತಿಲ್ಲದ್ದು.

“ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ಒಂದೇ ಸಲ ಬಂದೆ. ನಾನು ಒಬ್ಬಳೇ ಇದ್ದೆ ಎನಿಸಿ ತುಂಬ ನೋವಾಯಿತು. ನಿನ್ನ ಕಡೆ ಏನು ನಡೆಯುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಹೇಳುತ್ತೀಯಾ?”

ಇಷ್ಟು ಹೇಳಿ ಸುಮ್ಮನಾಗಿ. ಸುಮ್ಮನಾಗುವುದೇ ಕಷ್ಟದ ಕೆಲಸ. ಮೌನ ತುಸು ಉದ್ದವಾದರೆ ಸಾಕು, “ಅಂದರೆ, ನೀನು ಬ್ಯುಸಿ ಇದ್ದೆಯೋ ಏನೋ” ಎಂದು ಉತ್ತರವನ್ನೂ ನಾವೇ ಕೊಟ್ಟುಬಿಡುತ್ತೇವೆ. ಅವರು ಹೌದು ಎಂದು ಪಾರಾಗುತ್ತಾರೆ. ಮಾತಿಗೆ ಮೂರನೆಯವರಿಲ್ಲದ ಸಮಯ ಆರಿಸಿ. ಹಸಿದಾಗ, ದಣಿದಾಗ, ನಡುರಾತ್ರಿಯಲ್ಲಿ ಬೇಡ. ಸಂದೇಶದಲ್ಲಿ ಕೇಳುವುದು ಕೊನೆಯ ದಾರಿ, ಏಕೆಂದರೆ ಬರೆದ ಸಾಲಿನಲ್ಲಿ ನಿಮ್ಮ ದನಿ ಇರುವುದಿಲ್ಲ, ಓದುವವರು ತಮ್ಮ ಭಯದ ದನಿಯನ್ನು ಅದಕ್ಕೆ ಹಾಕಿಕೊಳ್ಳುತ್ತಾರೆ.

ಉತ್ತರ ನೀವು ಬಯಸಿದಂತೆ ಇರಲೇಬೇಕೆಂದೇನಿಲ್ಲ. ಅವರು ರೇಗಬಹುದು, ಹಾರಿಕೆಯ ಮಾತಾಡಬಹುದು, ನಿಮ್ಮದೇ ತಪ್ಪುಗಳ ಪಟ್ಟಿ ಬಿಚ್ಚಬಹುದು. ಪಟ್ಟಿಯಲ್ಲಿ ನಿಜವಿದ್ದರೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ “ಯೋಚಿಸುತ್ತೇನೆ” ಎಂದು ನಿಲ್ಲಿಸಿ. ಒಂದೇ ಮಾತುಕತೆಯಲ್ಲಿ ಎಲ್ಲವನ್ನೂ ಇತ್ಯರ್ಥ ಮಾಡುವ ಹಟ ಬೇಡ.

ಹಂತ 6: ಮುಂದೇನು ಎಂದು ತೀರ್ಮಾನಿಸಿ

ಕರುಣೆ ಬಂತು ಎಂದರೆ ತೀರ್ಮಾನ ಬೇಡ ಎಂದಲ್ಲ. ಇಲ್ಲಿಯವರೆಗೆ ತಿಳಿದದ್ದನ್ನು ಇಟ್ಟುಕೊಂಡು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ.

ಬಿಟ್ಟುಬಿಡುವುದು. ವಿಷಯ ಸಣ್ಣದು, ಮತ್ತೆ ಆಗುವಂಥದ್ದಲ್ಲ, ನಿಮ್ಮ ನೋವು ಇಳಿದಿದೆ. ಬಿಟ್ಟೆ ಎಂದ ಮೇಲೆ ಬಿಟ್ಟಿರಬೇಕು. ಮುಂದಿನ ಜಗಳದಲ್ಲಿ ಅದನ್ನು ಮತ್ತೆ ಹೊರತೆಗೆಯುವುದಾದರೆ ಬಿಡಬೇಡಿ, ಈಗಲೇ ಮಾತಾಡಿ.

ತಿದ್ದಲು ಕೇಳುವುದು. ಆಗಬೇಕಾದದ್ದನ್ನು ಅಳತೆಗೆ ಸಿಗುವ ಹಾಗೆ ಹೇಳಿ. “ಇನ್ನು ಮೇಲಾದರೂ ಜವಾಬ್ದಾರಿ ಕಲಿ” ಎಂಬುದು ಮತ್ತೆ ತೀರ್ಪೇ. “ಪ್ರತಿ ಭಾನುವಾರ ಅಪ್ಪನ ಬಳಿ ನೀನು ಇರು, ಔಷಧದ ಖರ್ಚಿನಲ್ಲಿ ಅರ್ಧ ನಿನ್ನದು” ಎಂಬುದು ಬೇಡಿಕೆ. ಇದಕ್ಕೆ ಹೌದು ಅಥವಾ ಇಲ್ಲ ಎನ್ನಬಹುದು. ಮೊದಲನೆಯದಕ್ಕೆ ಕೋಪಿಸಿಕೊಳ್ಳುವುದು ಬಿಟ್ಟು ಇನ್ನೇನೂ ಮಾಡಲಾಗದು.

ಅಂತರ ಇಟ್ಟುಕೊಳ್ಳುವುದು. ಕೇಳಿದ್ದಾಯಿತು, ಹೇಳಿದ್ದಾಯಿತು, ಏನೂ ಬದಲಾಗಲಿಲ್ಲ. ಹಣದ ವ್ಯವಹಾರ ನಿಲ್ಲಿಸಬಹುದು, ಭೇಟಿ ಕಡಿಮೆ ಮಾಡಬಹುದು. ಎರಡನೆಯ ಬಗೆಯ ಓದುಗರು, ತಲೆಯ ಮೇಲೆ ಕೂರುತ್ತಾರೆ ಎಂದು ಹೆದರುವವರು, ಇದನ್ನು ಎರಡು ಬಾರಿ ಓದಿ. ಕ್ಷಮೆ ಬೇರೆ, ರಾಜಿ ಬೇರೆ. ಕ್ಷಮೆ ನಿಮ್ಮೊಳಗೆ ನಡೆಯುವಂಥದ್ದು, ಅದಕ್ಕೆ ಒಬ್ಬರು ಸಾಕು. ಸಂಬಂಧ ಮತ್ತೆ ಮೊದಲಿನಂತಾಗಲು ಇಬ್ಬರೂ ಬೇಕು, ಮತ್ತು ಎದುರಿನವರು ನಡೆದುಕೊಂಡು ತೋರಿಸಬೇಕು. ಸಾಲ ತೀರಿಸದವನ ಮೇಲಿನ ದ್ವೇಷವನ್ನು ಪೂರ್ತಿ ಬಿಟ್ಟೂ ಅವನಿಗೆ ಇನ್ನೊಂದು ಸಾಲ ಕೊಡದೆ ಇರಬಹುದು.

ಅಂತರವನ್ನು ಶಿಕ್ಷೆಯಾಗಿ ಬಳಸುತ್ತಿದ್ದೀರಾ ಎಂದು ಪರೀಕ್ಷಿಸಿಕೊಳ್ಳಲು ಒಂದು ಉಪಾಯ: ಅವರಿಗೆ ನೋವಾಯಿತೇ ಇಲ್ಲವೇ ಎಂದು ಇಣುಕಿ ನೋಡುವ ಆಸೆ ನಿಮಗಿದೆಯೇ? ಇದ್ದರೆ ಅದು ಅಂತರವಲ್ಲ.

ಹಂತ 7: ಭಾವನೆಗೆ ಕಾಯದೆ ಒಂದು ಸಣ್ಣ ಕೆಲಸ ಮಾಡಿ

ಪ್ರೀತಿ ಉಕ್ಕಿ ಬಂದ ಮೇಲೆ ಪ್ರೀತಿಯಿಂದ ನಡೆದುಕೊಳ್ಳುತ್ತೇನೆ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಕೆಲಸ ಮೊದಲು ಬರಬಹುದು. ಸಣ್ಣದಾಗಿರಲಿ, ಪ್ರಚಾರವಿಲ್ಲದ್ದಾಗಿರಲಿ, ಮರಳಿ ಏನನ್ನೂ ನಿರೀಕ್ಷಿಸದ್ದಾಗಿರಲಿ. ಅವರು ಮಾತನಾಡುವಾಗ ನಡುವೆ ಬಾಯಿ ಹಾಕದಿರುವುದು, ಅವರು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಹೆಸರಿಸಿ ಹೇಳುವುದು, ಹುಷಾರಿಲ್ಲ ಎಂದು ತಿಳಿದಾಗ ವಿಚಾರಿಸುವುದು.

“ಇನ್ನು ಮೇಲೆ ಒಳ್ಳೆಯವನಾಗಿರುತ್ತೇನೆ” ಎಂಬ ಸಂಕಲ್ಪ ಸಿಟ್ಟಿನ ಮೊದಲ ಅಲೆಗೇ ಕೊಚ್ಚಿಹೋಗುತ್ತದೆ. ಪೀಟರ್ ಗಾಲ್ವಿಟ್ಸರ್ ಎಂಬ ಮನೋವಿಜ್ಞಾನಿ ಅನುಷ್ಠಾನದ ಸಂಕಲ್ಪ ಎಂಬ ವಿಧಾನದ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಅದರ ತಿರುಳು ಸರಳ: “ಹೀಗಾದರೆ ಹೀಗೆ ಮಾಡುತ್ತೇನೆ” ಎಂದು ಸಂದರ್ಭವನ್ನೂ ಕೆಲಸವನ್ನೂ ಮುಂಚೆಯೇ ಗಂಟು ಹಾಕಿಡುವುದು. ನಿಮ್ಮ ನೋಟ್‌ಬುಕ್‌ನಲ್ಲಿ ಹೀಗೆ ಬರೆಯಬಹುದು: “ಅಣ್ಣ ಫೋನ್‌ನಲ್ಲಿ ನೋಡೋಣ ಎಂದರೆ, ನಾನು ಉಸಿರು ಬಿಟ್ಟು, ಯಾವಾಗ ನೋಡೋಣ ಎಂದು ಕೇಳುತ್ತೇನೆ.” ಒಮ್ಮೆಗೆ ಒಂದೇ ಸಾಲು. ಹತ್ತು ಬರೆದರೆ ಒಂದೂ ನೆನಪಿರುವುದಿಲ್ಲ.

ದೊಡ್ಡ ಉಪಕಾರಗಳ ಬಗ್ಗೆ ಜಾಗ್ರತೆ. ಮೈಮೇಲೆ ಬಿದ್ದು ಮಾಡಿದ ದೊಡ್ಡ ಉಪಕಾರ ಪಡೆದವರನ್ನು ಋಣಿಯನ್ನಾಗಿಸುತ್ತದೆ, ಕೊಟ್ಟವರನ್ನು ಲೆಕ್ಕಿಗರನ್ನಾಗಿಸುತ್ತದೆ. “ನಾನು ಅಷ್ಟೆಲ್ಲ ಮಾಡಿದೆ” ಎಂಬ ಮಾತು ತುದಿ ನಾಲಿಗೆಗೆ ಬಂದ ದಿನ ನಿಮಗೇ ತಿಳಿಯುತ್ತದೆ.

ಹಂತ 8: ಮೂರನೆಯವರ ಮುಂದೆ

ಇಷ್ಟೆಲ್ಲ ಮಾಡಿ ಇಲ್ಲಿ ಕೆಡಿಸಿಕೊಳ್ಳುವವರು ಬಹಳ. ನೇರವಾಗಿ ಅವರೊಡನೆ ಸೌಜನ್ಯ, ಬೆನ್ನ ಹಿಂದೆ ಮತ್ತೆ ಅದೇ ಕಡತ. ಮನಸ್ಸಿನ ಭಾರ ಇಳಿಸಿಕೊಳ್ಳಲು ಒಬ್ಬ ನಂಬಿಕಸ್ಥರ ಬಳಿ ಮಾತನಾಡುವುದು ತಪ್ಪಲ್ಲ. ಅದಕ್ಕೂ ಚಾಡಿಗೂ ನಡುವಿನ ಗೆರೆಯನ್ನು ಹೀಗೆ ಗುರುತಿಸಬಹುದು: ಮಾತು ಮುಗಿದ ಮೇಲೆ ನನಗೆ ಏನು ಮಾಡಬೇಕೆಂದು ತಿಳಿಯಿತೇ, ಅಥವಾ ನನ್ನ ಕಡೆಗೆ ಒಬ್ಬರು ಹೆಚ್ಚು ಸೇರಿದರೇ?

ಬೇರೆಯವರು ಚಾಡಿ ತಂದಾಗ ಭಾಷಣ ಬಿಗಿಯಬೇಡಿ. “ನನಗೆ ಅವರ ಕಡೆಯ ಮಾತು ಗೊತ್ತಿಲ್ಲ” ಎಂದಷ್ಟೇ ಹೇಳಿ ವಿಷಯ ಬದಲಿಸಿ. ಚಾಡಿ ಹೇಳುವವರನ್ನು ಕೀಳಾಗಿ ನೋಡಲು ಆರಂಭಿಸಿದರೆ ಮೊದಲ ಹಂತಕ್ಕೆ ವಾಪಸ್ಸು! ಇದು ತಮಾಷೆಯ ಮಾತಲ್ಲ. ತೀರ್ಪು ಕೊಡುವವರ ಮೇಲೆ ತೀರ್ಪು ಕೊಡುವುದು ಈ ಅಭ್ಯಾಸಕ್ಕೆ ಇಳಿದವರಿಗೆ ಬೇಗ ತಗಲುವ ರೋಗ, ಮತ್ತು ಅದು ಭಕ್ತಿಯ ವೇಷದಲ್ಲಿ ಬರುವುದರಿಂದ ಗುರುತಿಸುವುದು ಕಷ್ಟ.

ಇನ್ನು ಓದುಗರು ಕೇಳುವ ಮಿಕ್ಕ ಪ್ರಶ್ನೆಗಳು

ನಾನು ಶಿಕ್ಷಕ, ಮೇಲಧಿಕಾರಿ; ಅಳೆಯುವುದೇ ನನ್ನ ಕೆಲಸ. ಏನು ಮಾಡಲಿ? ಅಳೆಯಿರಿ. ಉತ್ತರ ಪತ್ರಿಕೆಗೆ ಸಲ್ಲಬೇಕಾದ ಅಂಕ ಕೊಡಿ, ಕೆಲಸ ಕೆಟ್ಟಿದ್ದರೆ ಕೆಟ್ಟಿದೆ ಎನ್ನಿ. ದಯೆಯಿಂದ ಹೆಚ್ಚು ಅಂಕ ಕೊಡುವುದು ಇನ್ನೊಬ್ಬ ವಿದ್ಯಾರ್ಥಿಗೆ ಮಾಡುವ ಅನ್ಯಾಯ. “ಈ ಲೆಕ್ಕದಲ್ಲಿ ಮೂರನೆಯ ಸಾಲು ತಪ್ಪಾಗಿದೆ” ಎನ್ನುವುದಕ್ಕೂ “ನಿನಗೆ ಲೆಕ್ಕ ಬರುವುದಿಲ್ಲ” ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕಾಪಾಡಿಕೊಂಡರೆ ಸಾಕು. ಸಾಧ್ಯವಾದರೆ ಹೆಸರು ಮುಚ್ಚಿ ಮೌಲ್ಯಮಾಪನ ಮಾಡಿ, ಹಳೆಯ ಅಭಿಪ್ರಾಯ ಹೊಸ ಅಂಕದೊಳಗೆ ಬೆರೆಯದಿರಲಿ.

ಅಪರಿಚಿತರ ವಿಷಯದಲ್ಲಿ? ರಸ್ತೆಯಲ್ಲಿ ಅಡ್ಡ ಬಂದವರು, ಸಾಮಾಜಿಕ ಜಾಲತಾಣದಲ್ಲಿ ಒಂದು ತುಣುಕು ವಿಡಿಯೊದಲ್ಲಿ ಕಂಡವರು. ಇಲ್ಲಿ ಎಂಟು ಹಂತಗಳ ಅಗತ್ಯವಿಲ್ಲ, ಎರಡನೆಯದೊಂದೇ ಸಾಕು. ತುಣುಕಿಗೆ ಮೊದಲು ಏನಾಯಿತು, ಆಮೇಲೆ ಏನಾಯಿತು ನಿಮಗೆ ಗೊತ್ತಿಲ್ಲ. ಹಂಚಿಕೊಳ್ಳುವ ಗುಂಡಿಯಿಂದ ಬೆರಳು ಹಿಂದಕ್ಕೆ ತೆಗೆದರೆ ಕೆಲಸ ಮುಗಿಯಿತು.

ಎಷ್ಟು ದಿನ ಬೇಕು? ಲೆಕ್ಕ ಹೇಳುವವರನ್ನು ನಂಬಬೇಡಿ. ತೀರ್ಪು ಬರುವುದು ನಿಲ್ಲುವುದಿಲ್ಲ; ಬಂದದ್ದಕ್ಕೂ ಬಾಯಿ ತೆರೆಯುವುದಕ್ಕೂ ನಡುವಿನ ಬಿಡುವು ಹಿಗ್ಗುತ್ತದೆ. ನೋಟ್‌ಬುಕ್‌ನ ಮೊದಲ ವಾರದ ಪುಟಗಳನ್ನು ಆಗಾಗ ತಿರುವಿ ನೋಡಿದರೆ ಅದು ತಿಳಿಯುತ್ತದೆ.

ಆ ವ್ಯಕ್ತಿ ತೀರಿಕೊಂಡಿದ್ದರೆ? ಅತಿ ಹೆಚ್ಚು ಸಂಕೋಚದಿಂದ ಕೇಳಿದ ಪ್ರಶ್ನೆ ಇದು, ಹೆಚ್ಚಾಗಿ ತಂದೆ ಅಥವಾ ತಾಯಿಯ ಕುರಿತು. ಮೊದಲ ನಾಲ್ಕು ಹಂತಗಳು ಹಾಗೆಯೇ ಇರಲಿ. ಐದನೆಯ ಹಂತದಲ್ಲಿ ಅವರನ್ನು ಕೇಳಲಾಗದು, ಆದರೆ ಅವರು ನಿಮ್ಮ ಈಗಿನ ವಯಸ್ಸಿನಲ್ಲಿದ್ದಾಗ ಅವರನ್ನು ಬಲ್ಲವರು ಯಾರಾದರೂ ಇರುತ್ತಾರೆ: ಹಳೆಯ ಸಹೋದ್ಯೋಗಿ, ಅವರ ಅಕ್ಕ, ಒಬ್ಬ ನೆರೆಯವರು. ಮನೆಯ ಹೊರಗಿನವರನ್ನೇ ಹೆಚ್ಚು ಕೇಳಿ, ಏಕೆಂದರೆ ಮನೆಯೊಳಗೆ ಒಂದು ಕತೆ ಆಗಲೇ ಗಟ್ಟಿಯಾಗಿರುತ್ತದೆ. ಆಗ ಅವರಿಗೆ ಯಾವ ಚಿಂತೆಯಿತ್ತು, ಯಾರಿಗೆ ಹೆದರುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಉತ್ತರ ಸಿಗದ ಸಾಲುಗಳನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ನಿಮ್ಮನ್ನು ಹಿಂಸಿಸಿದವರಾಗಿದ್ದರೆ ಈ ವಿಚಾರಣೆಗೆ ಇಳಿಯಲೇಬೇಕೆಂಬ ಕಡ್ಡಾಯವಿಲ್ಲ. ಇಳಿಯುವುದಾದರೆ ಆಪ್ತ ಸಮಾಲೋಚಕರ ಜೊತೆಯಲ್ಲಿ ಇಳಿಯಿರಿ. ಉಳಿದವರು ಆರು, ಏಳನೆಯ ಹಂತಗಳನ್ನು ದಾಟಿ ಎಂಟಕ್ಕೆ ಹೋಗಬಹುದು: ಮನೆಯ ಮಕ್ಕಳ ಮುಂದೆ ಅವರ ಹೆಸರು ಬಂದಾಗ, ಅವರು ಎಂಥವರಾಗಿದ್ದರು ಎಂದು ಹೇಳುವ ಬದಲು ಅವರು ಮಾಡಿದ ಒಂದು ಕೆಲಸವನ್ನು, ಸರಿಯಿರಲಿ ತಪ್ಪಿರಲಿ, ನಡೆದ ಹಾಗೆಯೇ ಹೇಳಿ.